ಮಿಹಾನ್‌ನಲ್ಲಿ ಬಿದ್ದ ಮಳೆ ಯಾರ ಲೆಕ್ಕಕ್ಕೆ?

ಮುಂಬಯಿಯಿಂದ ಸಂಜೆಯ ವಿದರ್ಭ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಗ್ಗೆ ನಾಗ್ಪುರ. ಸೀತಾಬರ್ಡಿಯಲ್ಲಿ ಮೆಟ್ರೋ ಹಿಡಿದು ಖಾಪ್ರಿ ಕಡೆಗೆ ಹೊರಟರೆ ವಾರ್ಧಾ ರಸ್ತೆಯ ಅಂಗಡಿ, ಮದುವೆ ಹಾಲ್, ಫ್ಲ್ಯಾಟುಗಳ ಸಾಲು ಮುಗಿದು ಬಲಬದಿಗೆ ವಿಮಾನ ನಿಲ್ದಾಣದ ಉದ್ದನೆಯ ಆವರಣ ಶುರುವಾಗುತ್ತದೆ. ಅದರಾಚೆಗೆ ಮಿಹಾನ್. ಐಟಿ ಕಂಪನಿಗಳ ಗಾಜಿನ ಕಟ್ಟಡ, ವಿಮಾನ ರಿಪೇರಿಯ ಹ್ಯಾಂಗರು, ಏಮ್ಸ್ ಆಸ್ಪತ್ರೆ, ಐಐಎಂ, ಇವುಗಳ ನಡುನಡುವೆ ಇನ್ನೂ ದೊಡ್ಡ ದೊಡ್ಡ ಖಾಲಿ ಜಾಗ. ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಕಾಣುವುದು ಬಿರುಕು ಬಿಟ್ಟ ಕಪ್ಪು ನೆಲ. ಆಗಸ್ಟಿನಲ್ಲಿ ಹೋದವರಿಗೆ ಅದೇ ನೆಲದ ಮೇಲೆ ಎಲ್ಲಿಗೂ ಹೋಗದೆ ನಿಂತ ನೀರು.

ಈ ನೀರಿನ ಬಗ್ಗೆ ಈಗಲೇ ಕೇಳಬೇಕಾದ ಒಂದು ಪ್ರಶ್ನೆ ಇದೆ. ಖಾಲಿ ಜಾಗ ತುಂಬಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?

ಮಿಹಾನ್ ಎಂದರೆ ‘ಮಲ್ಟಿ ಮೋಡಲ್ ಇಂಟರ್‌ನ್ಯಾಶನಲ್ ಕಾರ್ಗೋ ಹಬ್ ಆ್ಯಂಡ್ ಏರ್‌ಪೋರ್ಟ್ ಅಟ್ ನಾಗ್ಪುರ’. ಇದನ್ನು ನೋಡಿಕೊಳ್ಳಲೆಂದೇ 2002ರಲ್ಲಿ ಮಹಾರಾಷ್ಟ್ರ ಏರ್‌ಪೋರ್ಟ್ ಡೆವಲಪ್‌ಮೆಂಟ್ ಕಂಪನಿ ಸ್ಥಾಪನೆಯಾಯಿತು. ಒಟ್ಟು ವಿಸ್ತೀರ್ಣ 4 ಸಾವಿರ ಹೆಕ್ಟೇರಿಗೂ ಮಿಕ್ಕಿದ್ದು. ಇದರಲ್ಲಿ ಹೆಚ್ಚಿನ ಪಾಲು ಶಿವಣಗಾಂವ್, ಖಾಪ್ರಿ, ತೇಲ್ಹಾರಾ, ಕಲ್ಕುಹಿ, ದಹೇಗಾಂವ್ ಮುಂತಾದ ಹಳ್ಳಿಗಳ ಹೊಲ. ಆದರೆ ಇದರ ಹೃದಯಭಾಗ ಎನ್ನಬಹುದಾದ ಸೋನೆಗಾಂವ್ ವಿಮಾನ ನಿಲ್ದಾಣ ಮಾತ್ರ ಸೇನೆಯ ನೆಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ತನ್ನ ವಿಮಾನಗಳನ್ನು ಇಳಿಸಿ ಮುಂದಕ್ಕೆ ಕಳುಹಿಸುತ್ತಿದ್ದ ಜಾಗವಿದು. ಸ್ವಾತಂತ್ರ್ಯ ಬಂದ ಮೇಲೆ 1949ರಿಂದ 1973ರವರೆಗೆ ರಾತ್ರಿ ಅಂಚೆ ವಿಮಾನಗಳು ಇಲ್ಲಿ ಸೇರುತ್ತಿದ್ದವು. ಮುಂಬಯಿ, ದಿಲ್ಲಿ, ಕಲಕತ್ತಾ, ಮದ್ರಾಸುಗಳಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿ ಇಲ್ಲಿ ಚೀಲ ಬದಲಾಯಿಸಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಮುಂಬಯಿಯಲ್ಲಿ ದುಡಿಯುತ್ತಿದ್ದ ಎಷ್ಟೋ ಜನರ ಪತ್ರಗಳು ದಕ್ಷಿಣಕ್ಕೆ ಹೋಗಿದ್ದು ಈ ರನ್‌ವೇ ಮೇಲಿಂದಲೇ. ನಂತರ ಭಾರತೀಯ ವಾಯುಪಡೆಯ ಸಾಗಾಣಿಕೆ ವಿಮಾನಗಳ ದಳ ಇಲ್ಲಿತ್ತು. ವಾಯುಪಡೆಯ 278 ಹೆಕ್ಟೇರು ಭೂಮಿಯನ್ನು ಪಡೆದು ಅದಕ್ಕೆ ಬದಲಾಗಿ ಬೇರೆಡೆ 400 ಹೆಕ್ಟೇರು ಕೊಡುವ ವಿನಿಮಯ ಮಿಹಾನ್ ಯೋಜನೆಯ ಒಂದು ಭಾಗ.

ಈ ಹಳೆಯ ಕಥೆಗೂ ಮಳೆನೀರಿಗೂ ಏನು ಸಂಬಂಧ? ಸಂಬಂಧ ಚರಂಡಿಯಲ್ಲಿದೆ.

ವಿಮಾನ ಇಳಿಯುವ ಜಾಗದಲ್ಲಿ ನೀರು ನಿಲ್ಲಬಾರದು. ರನ್‌ವೇ ಮೇಲೆ ತೆಳುವಾಗಿ ನೀರು ನಿಂತರೂ ಚಕ್ರ ಜಾರುತ್ತದೆ. ಆದ್ದರಿಂದ ಸೇನೆಯ ಎಂಜಿನಿಯರುಗಳಿಗೆ ಸಿಗುವ ಆಜ್ಞೆ ಒಂದೇ: ಬಿದ್ದ ಮಳೆಯನ್ನು ಆದಷ್ಟು ಬೇಗ ಬೇಲಿಯಿಂದಾಚೆಗೆ ಸಾಗಿಸು. ಯುದ್ಧಕಾಲದಲ್ಲಿ ಬೇಲಿಯಾಚೆ ಇದ್ದದ್ದು ಹೊಲ, ಹಳ್ಳ. ನೀರು ಅಲ್ಲಿ ಹರಡಿ, ಕೆರೆ ತುಂಬಿ, ಉಳಿದದ್ದು ನಾಲಾ ಸೇರುತ್ತಿತ್ತು. ಯಾರೂ ದೂರು ಹೇಳಲಿಲ್ಲ. ಈಗ ಬೇಲಿಯಾಚೆ ಇರುವುದು ಕಾಲೊನಿ, ರೈಲ್ವೆ ಹಳಿ, ಮೆಟ್ರೋ ನಿಲ್ದಾಣ. ಚರಂಡಿಗೆ ಮಾತ್ರ ಹಳೆಯ ಆಜ್ಞೆಯೇ ಗೊತ್ತು.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಂತಾಕ್ರೂಜ್ ವಿಮಾನ ನಿಲ್ದಾಣವೂ ಹಿಂದೆ ರಾಯಲ್ ಏರ್‌ಫೋರ್ಸ್ ನೆಲೆಯೇ. ಅದು ಬೆಳೆಯುತ್ತಾ ಬಂದಂತೆ ವಿಹಾರ್, ಪವಾಯಿ ಕೆರೆಗಳ ಕಡೆಯಿಂದ ಬರುವ ಮೀಠಿ ನದಿಯನ್ನು ರನ್‌ವೇಗಾಗಿ ಕಾಟಕೋನದಲ್ಲಿ ತಿರುಗಿಸಲಾಯಿತು. ನದಿಗೆ ಹಾಗೆ ಪೆರೇಡ್ ಮಾಡಿ ಅಭ್ಯಾಸವಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಾಲೀನಾ ಕಡೆ ಏನಾಯಿತೆಂಬುದು ಅಂದು ಹೊಟೇಲಿನ ಮಾಳಿಗೆಯ ಮೇಲೆ ರಾತ್ರಿ ಕಳೆದವರಿಗೆ, ಕಲ್ಯಾಣ, ಡೊಂಬಿವಲಿಯವರೆಗೆ ರೈಲು ಹಳಿಯ ಮೇಲೆ ನಡೆದು ಹೋದವರಿಗೆ ಗೊತ್ತು. ಆ ಬಳಿಕ ಸರಕಾರ ನೇಮಿಸಿದ ಮಾಧವ ಚಿತಳೆ ಸಮಿತಿ ಮೀಠಿಯ ಪಾತ್ರವನ್ನು ಮೊದಲಿಂದ ಕೊನೆಯವರೆಗೆ ಅಳೆದು ವರದಿ ಕೊಟ್ಟಿತು. ಕಾಂಕ್ರೀಟು ಬಿದ್ದ ಮೇಲೆ ನಡೆಸಿದ ಅಳತೆ ಅದು. ಮಿಹಾನ್‌ನಲ್ಲಿ ಅದೇ ಅಳತೆಯನ್ನು ಕಾಂಕ್ರೀಟು ಬೀಳುವ ಮೊದಲೇ ಮಾಡಲು ಇನ್ನೂ ಅವಕಾಶವಿದೆ. ಈ ಮಾತಿನ ತಿರುಳು ಇಷ್ಟೇ.

ನಾಗ್ಪುರಕ್ಕೆ ಎಚ್ಚರಿಕೆ ಸಿಗದೆ ಇಲ್ಲ. ಅದೂ ಎರಡು ಕಡೆಯಿಂದ. 2019ರ ಜುಲೈಯಲ್ಲಿ ಮಳೆ ತಡವಾಗಿ, ಪೇಂಚ್ ನದಿಯ ತೋತ್ಲಾಡೋಹ್ ಜಲಾಶಯ ತಳ ಕಂಡು, ಮಹಾನಗರ ಪಾಲಿಕೆ ದಿನ ಬಿಟ್ಟು ದಿನ ನೀರು ಕೊಡಬೇಕಾಯಿತು. ನಾಲ್ಕು ವರ್ಷ ಕಳೆದು 2023ರ ಸಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 100 ಮಿಲಿಮೀಟರ್ ಮಳೆ ಸುರಿದು ಅಂಬಾಝರಿ ಕೆರೆ ಉಕ್ಕಿತು. ನಾಗ್ ನದಿಯ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತು, ಜೀವಹಾನಿಯಾಯಿತು, ಮಲಗಿದ್ದವರನ್ನು ದೋಣಿಯಲ್ಲಿ ಸಾಗಿಸಲು ಸೇನೆಯೂ ಬರಬೇಕಾಯಿತು. ಕೆರೆಯ ಹೊರಹರಿವಿನ ದಾರಿಯಲ್ಲಿ ಕಟ್ಟಿದ್ದರ ಬಗ್ಗೆ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠದಲ್ಲಿ ವಿಚಾರಣೆ ನಡೆಯಿತು. ಒಂದೇ ಊರು, ಒಮ್ಮೆ ಕೊಡಕ್ಕೆ ಕ್ಯೂ, ಇನ್ನೊಮ್ಮೆ ಹಾಸಿಗೆಗೆ ನೀರು.

ಅಂಬಾಝರಿ ಇರುವುದು ಊರಿನ ಪಶ್ಚಿಮಕ್ಕೆ. ವಿಮಾನ ನಿಲ್ದಾಣದ ಮಗ್ಗುಲಲ್ಲಿರುವುದು ಸೋನೆಗಾಂವ್ ಕೆರೆ. ಭೋಂಸಲೆ ಅರಸರ ಕಾಲದ್ದು. ಅದು ಬೇಸಿಗೆಯಲ್ಲಿ ಬತ್ತಿ ಹುಡುಗರ ಕ್ರಿಕೆಟ್ ಮೈದಾನದಂತಾದದ್ದನ್ನು ಅಲ್ಲಿಯವರು ಎಷ್ಟೋ ವರ್ಷ ನೋಡಿದ್ದಾರೆ. ಅದೇ ಕಡೆಯಿಂದ ಸಹಕಾರನಗರ, ನರೇಂದ್ರನಗರಗಳ ಮೂಲಕ ಪೋಹ್ರಾ ನದಿ ಹರಿಯುತ್ತದೆ. ನದಿ ಎಂಬುದು ಈಗ ಹೆಸರಿಗೆ ಮಾತ್ರ. ಜೋರು ಮಳೆ ಬಂದ ದಿನ ನರೇಂದ್ರನಗರದ ರೈಲ್ವೆ ಕೆಳಸೇತುವೆಯಲ್ಲಿ ನೀರು ತುಂಬಿ ವಾಹನ ನಿಲ್ಲುವುದು ಅಲ್ಲಿಯ ಪತ್ರಿಕೆಗಳಿಗೆ ಪ್ರತಿವರ್ಷದ ಫೋಟೋ. ಕೆರೆಗೆ ಬೇಕಾದಾಗ ನೀರಿಲ್ಲ, ಕೆಳಸೇತುವೆಗೆ ಬೇಡದಾಗ ನೀರು. ಹರಿಯುವ ದಾರಿ ತಪ್ಪಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಜಮಾ-ಖರ್ಚು

ಲೆಕ್ಕ ಹಾಕಿ ನೋಡುವುದು ಕಷ್ಟವಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಾಗ್ಪುರದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗೆ ಸ್ವಲ್ಪ ಮಿಕ್ಕಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸಪ್ಟೆಂಬರಿನ ಒಳಗೆ. ಅಂದರೆ ಮಿಹಾನ್‌ನ 4 ಸಾವಿರ ಹೆಕ್ಟೇರಿನ ಮೇಲೆ ವರ್ಷಕ್ಕೆ ಬೀಳುವುದು 4 ಸಾವಿರ ಕೋಟಿ ಲೀಟರ್. 2011ರ ಜನಗಣತಿಯಂತೆ ನಾಗ್ಪುರ ಮಹಾನಗರದ ಜನಸಂಖ್ಯೆ 24 ಲಕ್ಷ. ತಲೆಗೆ ದಿನಕ್ಕೆ 135 ಲೀಟರಿನಂತೆ ಹಿಡಿದರೆ ಇಡೀ ಊರಿಗೆ ನಾಲ್ಕು ತಿಂಗಳ ನೀರು. ಅಷ್ಟನ್ನೂ ಹಿಡಿಯಲು ಯಾರಿಂದಲೂ ಆಗದು, ಹಿಡಿಯಲೂಬಾರದು. ಕೆಳಗಿನ ಹಳ್ಳಿಗೆ, ನದಿಗೆ ಅದರ ಪಾಲು ಹೋಗಬೇಕು. ಕಾಲು ಭಾಗ ಸಿಕ್ಕರೂ ಒಂದು ತಿಂಗಳಾಯಿತು.

ಇನ್ನು ಒಂದು ದಿನದ ಲೆಕ್ಕ. ಈಗಿರುವ ರನ್‌ವೇ 3,200 ಮೀಟರ್ ಉದ್ದ, 45 ಮೀಟರ್ ಅಗಲ. 2023ರ ಆ ನಸುಕಿನಂತೆ 100 ಮಿಲಿಮೀಟರ್ ಬಿದ್ದರೆ ರನ್‌ವೇ ಒಂದರಿಂದಲೇ 1 ಕೋಟಿ 44 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿದರೆ 1,440. ಟ್ಯಾಕ್ಸಿವೇ, ವಿಮಾನ ನಿಲ್ಲುವ ಅಂಗಳ, ಪಾರ್ಕಿಂಗ್, ಛಾವಣಿ ಯಾವುದೂ ಈ ಲೆಕ್ಕದಲ್ಲಿ ಸೇರಿಲ್ಲ. ಕಾಂಕ್ರೀಟಿನ ಮೇಲೆ ಬಿದ್ದ ಮಳೆಯಲ್ಲಿ ನೂರಕ್ಕೆ ಎಂಬತ್ತು, ತೊಂಬತ್ತು ಪಾಲು ಕೂಡಲೇ ಹರಿಯುತ್ತದೆ. ಹುಲ್ಲುಗಾವಲಾದರೆ ಸ್ವಲ್ಪ ಕುಡಿಯುತ್ತದೆ, ಸ್ವಲ್ಪ ತಡೆಯುತ್ತದೆ. ಪ್ರವಾಹಕ್ಕೆ ಕಾರಣವಾಗುವುದು ನೀರಿನ ಮೊತ್ತ ಮಾತ್ರವಲ್ಲ, ಎಲ್ಲ ನೀರೂ ಒಂದೇ ಗಂಟೆಯಲ್ಲಿ ನಾಲಾಕ್ಕೆ ಬರುವುದು. ಬ್ಯಾಂಕಿನಲ್ಲಿ ಎಲ್ಲ ಠೇವಣಿದಾರರೂ ಒಂದೇ ದಿನ ಬಂದು ನಿಂತರೆ ಏನಾಗುತ್ತದೋ ಹಾಗೆ.

ಎರೆಭೂಮಿಯ ಹಟ

ಇಷ್ಟು ಹೇಳಿದ ಕೂಡಲೇ ಯಾರಾದರೂ ‘ಇಂಗುಗುಂಡಿ ತೋಡಿದರಾಯಿತು’ ಎನ್ನುತ್ತಾರೆ. ಮುಂಬಯಿಯಲ್ಲಿ 2002ರ ಅಕ್ಟೋಬರ್ 1ರಿಂದ ಸಾವಿರ ಚದರ ಮೀಟರಿಗಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯವಾಯಿತು. ಬೆಂಗಳೂರಿನಲ್ಲಿ 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿಯಾಯಿತು. ಎರಡೂ ಕಡೆ ಬಹಳ ಜನ ಮಾಡಿದ್ದು ಒಂದೇ ಕೆಲಸ: ಒಂದು ಗುಂಡಿ, ಅದಕ್ಕೆ ಜಲ್ಲಿ, ಅದರ ಮೇಲೊಂದು ಫಲಕ. ಮಿಹಾನ್‌ನಲ್ಲಿ ಇದು ನಡೆಯದು. ಕಾರಣ ಮಣ್ಣು.

ಧಾರವಾಡ, ಗದಗ, ವಿಜಯಪುರ ಕಡೆಯವರಿಗೆ ಈ ಮಣ್ಣಿನ ಗುಣ ಬಾಯಿಪಾಠ. ವಿದರ್ಭದ ಕಪ್ಪು ಮಣ್ಣು ನಮ್ಮ ಎರೆಭೂಮಿಯ ಒಡಹುಟ್ಟೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮೊದಲ ಮಳೆಯನ್ನು ಗಟಗಟನೆ ಕುಡಿಯುತ್ತದೆ. ಕುಡಿದದ್ದೇ ಊದಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಸುರಿದರೂ ಒಳಕ್ಕೆ ಬಿಡುವುದಿಲ್ಲ. ಇಂಥ ನೆಲದಲ್ಲಿ ಐದಡಿಯ ಗುಂಡಿ ತೋಡಿದರೆ ಅದು ಇಂಗುಗುಂಡಿಯಲ್ಲ, ಸೊಳ್ಳೆಯ ತೊಟ್ಟಿ. ಎರೆಮಣ್ಣಿನ ಕೆಳಗೆ ಗರಸು, ಅಲ್ಲಿಯವರು ಮುರುಮ್ ಎನ್ನುವುದು, ಅದರ ಕೆಳಗೆ ಕಪ್ಪು ಬಂಡೆ. ನೀರು ಇಳಿಯುವುದು ಗರಸಿನಲ್ಲಿ, ಬಂಡೆಯ ಸೀಳುಗಳಲ್ಲಿ. ಆದ್ದರಿಂದ ಎರೆಪದರವನ್ನು ದಾಟಿ ಗರಸಿಗೆ ತಲಪುವಂತೆ ಕೊಳವೆ ಇಳಿಸಬೇಕು. ಅದಕ್ಕೂ ಮೊದಲು ಮರಳು, ಜಲ್ಲಿಯ ಸೋಸು ತೊಟ್ಟಿ ಬೇಕು. ಇಲ್ಲವಾದರೆ ಎರಡೇ ಮಳೆಗಾಲದಲ್ಲಿ ಕೆಸರು ತುಂಬಿ ಕೊಳವೆ ಕುರುಡಾಗುತ್ತದೆ. ಎಲ್ಲಿ ಬಂಡೆ ಸೀಳಿದೆ, ಎಲ್ಲಿ ಇಡಿಯಾಗಿದೆ ಎಂಬುದನ್ನು ನೆಲ ಪರೀಕ್ಷಿಸಿಯೇ ತಿಳಿಯಬೇಕು.

ಇಂಗದ ನೆಲಕ್ಕೆ ಇನ್ನೊಂದು ದಾರಿ, ತುಂಬಿಡುವುದು. ನವಲಗುಂದ, ನರಗುಂದ, ರೋಣದ ಕಡೆ ಬಾವಿ ನೀರು ಸವುಳು. ಅಲ್ಲಿಯ ಹಿರಿಯರು ನೀರನ್ನು ಇಂಗಿಸುವ ಗೋಜಿಗೆ ಹೋಗದೆ ಕೆರೆ ಕಟ್ಟಿ ಮಳೆನೀರನ್ನೇ ಕುಡಿದು ಬಾಳಿದರು. ಎರೆಮಣ್ಣು ನೀರನ್ನು ಕೆಳಕ್ಕೆ ಬಿಡದೆ ಇರುವುದು ಕೆರೆಗೆ ಅನುಕೂಲವೇ. ಕರ್ನಾಟಕದಲ್ಲಿ 2014ರಲ್ಲಿ ಬಂದ ಕೃಷಿಭಾಗ್ಯದ ಹೊಂಡ, ಮಹಾರಾಷ್ಟ್ರದ ಶೇತತಳೆ ಇದೇ ವಿಚಾರದ ಮಕ್ಕಳು. ಮಿಹಾನ್‌ಗೆ ಹೊಂದುವುದೂ ಇದೇ. ಪ್ರತಿ ಕಂಪನಿಯ ಛಾವಣಿಯ ನೀರು ತೊಟ್ಟಿಗೆ, ತೊಟ್ಟಿ ತುಂಬಿದ ಮೇಲೆ ಆವರಣದ ಹೊಂಡಕ್ಕೆ, ಅಲ್ಲಿಂದ ಉಕ್ಕಿದ್ದು ಹುಲ್ಲಿನ ಕಾಲುವೆಯಲ್ಲಿ ನಿಧಾನವಾಗಿ ದೊಡ್ಡ ಕೆರೆಗೆ. ಸಾವಿರ ಚದರ ಮೀಟರಿನ ಒಂದು ಛಾವಣಿಯಿಂದ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಲೀಟರ್, ಅಂದರೆ ನೂರು ಟ್ಯಾಂಕರ್. ಎಸಿಯ ಕೂಲಿಂಗ್ ಟವರಿಗೆ, ಶೌಚಾಲಯದ ಫ್ಲಶ್ಶಿಗೆ, ಹುಲ್ಲುಹಾಸಿಗೆ ಕುಡಿಯುವ ನೀರೇ ಬೇಕೆಂದಿಲ್ಲವಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಊರಿದು. ಅಗಲವಾಗಿ, ಆಳವಿಲ್ಲದೆ ತೋಡಿದ ಹೊಂಡದ ನೀರನ್ನು ಸೂರ್ಯನೇ ಕುಡಿದು ಮುಗಿಸುತ್ತಾನೆ.

ಹಕ್ಕಿ, ಎಣ್ಣೆ

ಮಾಮೂಲಿ ಬಡಾವಣೆಯಲ್ಲಿ ಇಲ್ಲದ ಎರಡು ತೊಡಕು ಹಳೆಯ ವಾಯುನೆಲೆಯಲ್ಲಿ ಇರುತ್ತವೆ. ಮೊದಲನೆಯದು ಹಕ್ಕಿ. ನೀರು ಕಂಡಲ್ಲಿ ಕೊಕ್ಕರೆ, ಬಾತು ಬರುತ್ತವೆ. ಎಂಜಿನ್ನಿಗೆ ಹಕ್ಕಿ ಸಿಕ್ಕಿದರೆ ಅನಾಹುತ. ಹಾಗೆಂದು ನೀರು ತಡೆಯಲೇಬಾರದೆಂದಲ್ಲ. ರನ್‌ವೇ ಸಮೀಪ ಶಾಶ್ವತ ಕೆರೆ ಬೇಡ, ಮಳೆ ಬಂದಾಗ ತುಂಬಿ ಎರಡು ದಿನದಲ್ಲಿ ಪೂರ್ತಿ ಖಾಲಿಯಾಗುವ ಒಣ ಹೊಂಡ ಇರಲಿ ಎಂಬುದು ಇದಕ್ಕೆ ಕಂಡುಕೊಂಡ ಪರಿಹಾರ. ಅಮೆರಿಕದ ವಿಮಾನಯಾನ ಆಡಳಿತ ತನ್ನ ನಿಲ್ದಾಣಗಳಿಗೆ 48 ಗಂಟೆಯ ಮಿತಿಯನ್ನೇ ಹೇಳಿದೆ. ದೊಡ್ಡ ಕೆರೆಗಳೆಲ್ಲ ವಿಮಾನ ಹಾರುವ ದಾರಿಯಿಂದ ದೂರ, ದಹೇಗಾಂವ್ ಕಡೆಯಂಥ ಜಾಗದಲ್ಲಿ.

ಎರಡನೆಯದು ಎಣ್ಣೆ. ದಶಕಗಳ ಕಾಲ ಇಂಧನ ತುಂಬಿಸಿದ, ಎಂಜಿನ್ ಬಿಚ್ಚಿದ, ಬೆಂಕಿ ನಂದಿಸುವ ನೊರೆ ಚೆಲ್ಲಿ ತರಬೇತಿ ಕೊಟ್ಟ ಜಾಗಗಳಲ್ಲಿ ಮಣ್ಣು ಕೆಟ್ಟಿರುವುದು ಹಲವು ದೇಶಗಳ ಸೇನಾ ವಿಮಾನ ನಿಲ್ದಾಣಗಳಲ್ಲಿ ಕಂಡುಬಂದಿದೆ. ಅಂಥಲ್ಲಿ ಮಳೆನೀರು ಇಂಗಿಸಿದರೆ ಅಂತರ್ಜಲಕ್ಕೆ ವಿಷ ಹಾಕಿದಂತೆ. ಯಾವ ಹಳೆಯ ವಾಯುನೆಲೆಯಲ್ಲೇ ಆಗಲಿ, ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಕೊಳವೆ. ಈ ಕ್ರಮ ತಪ್ಪಬಾರದು.

ಸೇನೆ ಬಿಟ್ಟ ನೆಲವನ್ನು ಚೆನ್ನಾಗಿ ಬಳಸಿದ ಊರು ಇಲ್ಲವೇ ಎಂದರೆ, ಇದೆ. ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಫ್ರೆಂಚ್ ಸೈನಿಕರು 1992ರಲ್ಲಿ ಬಿಟ್ಟುಹೋದ ಬ್ಯಾರಕ್ ಜಾಗದಲ್ಲಿ ವೋಬಾನ್ ಎಂಬ ಬಡಾವಣೆ ಎದ್ದಿದೆ. ಸುಮಾರು ಐದೂವರೆ ಸಾವಿರ ಜನರ ವಸತಿ. ಅಲ್ಲಿ ರಸ್ತೆ ಬದಿಗೆ ಹುಲ್ಲು ಬೆಳೆದ ಅಗಲವಾದ ಕಾಲುವೆಗಳಿವೆ. ಮಳೆನೀರು ಕೊಳವೆಗೆ ಹೋಗುವ ಬದಲು ಅದರಲ್ಲೇ ನಿಂತು ಇಂಗುತ್ತದೆ. ಹಳೆಯ ಮರಗಳನ್ನೂ ಉಳಿಸಿಕೊಂಡರು. ಆ ಕಾಲುವೆಯನ್ನು ಹಾಗೆಯೇ ನಾಗ್ಪುರಕ್ಕೆ ತರಲಾಗದು. ಅಲ್ಲಿಯ ಮಣ್ಣು ಬೇರೆ, ಮಳೆ ಬೇರೆ. ಅವರಿಂದ ತೆಗೆದುಕೊಳ್ಳಬೇಕಾದ್ದು ಅನುಕ್ರಮ. ನೀರಿನ ದಾರಿಯನ್ನು ಮನೆಗಳ ಜೊತೆಗೇ ನಕ್ಷೆಯಲ್ಲಿ ಹಾಕಿದರು. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ನಿವೇಶನ, ಆಮೇಲೆ ರಸ್ತೆ, ಕೊನೆಗೆ ಉಳಿದ ಅಂಚಿನಲ್ಲಿ ಚರಂಡಿ. 2022ರ ಸಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳಿಗೆ ಉದ್ಯೋಗಿಗಳು ಟ್ರ್ಯಾಕ್ಟರಿನಲ್ಲಿ ಹೋಗಬೇಕಾಗಿ ಬಂದದ್ದು ಈ ಅನುಕ್ರಮದಿಂದ. ಅದೇ ಬಗೆಯ ಕಚೇರಿಗಳು ಈಗ ಮಿಹಾನ್‌ನಲ್ಲಿ ಏಳುತ್ತಿವೆ.

ಮತ್ತೊಂದು ಮಾತು ಆಡಳಿತದ್ದು. ಬೆಂಗಳೂರಿನ ಕೆರೆ ಕಾಲುವೆಗಳಿಗೆ ಹತ್ತು ಇಲಾಖೆ, ಹತ್ತು ಯಜಮಾನರು. ಮಿಹಾನ್‌ನಲ್ಲಿ ಹಾಗಲ್ಲ. ಭೂಮಿ ಹಂಚುವುದೂ ನಕ್ಷೆ ಮಂಜೂರು ಮಾಡುವುದೂ ಒಂದೇ ಸರಕಾರಿ ಕಂಪನಿ. ಪ್ರತಿ ನಿವೇಶನದಿಂದ ಒಂದು ಗಂಟೆಗೆ ಇಷ್ಟೇ ನೀರು ಹೊರಬಿಡತಕ್ಕದ್ದು ಎಂದು ಹಂಚಿಕೆಯ ಪತ್ರದಲ್ಲೇ ಒಂದು ಕಲಂ ಸೇರಿಸಿದರೆ ಸಾಕು, ಹೊಂಡ ತೋಡುವ ಕೆಲಸ ಕಂಪನಿಗಳ ತಲೆಗೆ ಬರುತ್ತದೆ. ತೋಡಿದ ಮೇಲೆ ಪ್ರತಿ ಮೇ ತಿಂಗಳಲ್ಲಿ ಹೂಳು ತೆಗೆದರೋ ಇಲ್ಲವೋ ಎಂದು ನೋಡಬೇಕು. ಮಳೆಕೊಯ್ಲು ನಮ್ಮ ಊರುಗಳಲ್ಲಿ ಸೋತದ್ದು ಕಾಗದದಲ್ಲಲ್ಲ, ಈ ಹೂಳಿನಲ್ಲಿ. ಕಟ್ಟಡಕ್ಕೆ ಸರ್ಟಿಫಿಕೇಟು ಸಿಕ್ಕಿದ ದಿನ ಕೊಳವೆಯ ನೆನಪೂ ಮುಗಿಯಿತು. ಲೆಕ್ಕಪತ್ರಕ್ಕೆ ವರ್ಷಕ್ಕೊಮ್ಮೆ ಆಡಿಟ್ ಇರುವಾಗ ನೀರಿಗೆ ಯಾಕಿಲ್ಲ?

ಏಮ್ಸ್ 2022ರ ಡಿಸೆಂಬರ್ 11ರಂದು ಲೋಕಾರ್ಪಣೆಯಾಯಿತು. ಅದೇ ದಿನ ಸಮೃದ್ಧಿ ಮಹಾಮಾರ್ಗದ ಮೊದಲ ಹಂತವೂ ತೆರೆಯಿತು. ವಿಮಾನ ನಿಲ್ದಾಣವನ್ನು ನಡೆಸುವ ಗುತ್ತಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ಇತ್ಯರ್ಥವಾಗಿ 2024ರ ಅಕ್ಟೋಬರಿನಲ್ಲಿ ಜಿಎಂಆರ್ ಸಂಸ್ಥೆಯ ಕೈಗೆ ಬಂತು. ಆ ತಿಂಗಳ 9ರಂದು ಸುಮಾರು 7 ಸಾವಿರ ಕೋಟಿ ರೂಪಾಯಿಯ ವಿಸ್ತರಣೆಗೆ ಶಿಲಾನ್ಯಾಸವಾಯಿತು. ವಿಸ್ತರಣೆಯ ಯೋಜನೆಯಲ್ಲಿ ಎರಡನೇ ರನ್‌ವೇಯೂ ಇದೆ. ಅದರ ಉದ್ದ 4 ಸಾವಿರ ಮೀಟರ್. ಮೇಲಿನ ಟ್ಯಾಂಕರುಗಳ ಸಾಲು ಇದರಿಂದ ಎರಡರಷ್ಟಕ್ಕೂ ಮಿಕ್ಕಿ ಬೆಳೆಯುತ್ತದೆ.

ಈ ರನ್‌ವೇಗಾಗಿ ಊರು ಬಿಡಬೇಕಾದವರಲ್ಲಿ ಶಿವಣಗಾಂವ್‌ನವರು ಮುಖ್ಯರು. ಹೊಲ ಹೋಯಿತು, ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಟವಾಯಿತು, ಪುನರ್ವಸತಿ ಚಿಂಚಭುವನದ ಕಡೆ. ಎರಡನೇ ರನ್‌ವೇಯ ಚರಂಡಿ ನಕ್ಷೆ ಅಂತಿಮವಾಗುವ ಮೊದಲು ಮರಾಠಿಯಲ್ಲಿ ಈ ಜನರ ಮುಂದೆಯೂ ಒಮ್ಮೆ ಇಡುವುದು ಒಳ್ಳೆಯದು. ತಲೆತಲಾಂತರ ಆ ಎರೆಹೊಲಗಳಲ್ಲಿ ಹತ್ತಿ, ತೊಗರಿ ಬೆಳೆದವರು ಅವರು. ಶ್ರಾವಣದ ಜೋರು ಮಳೆಯಲ್ಲಿ ಯಾವ ನಾಲಾ ಮೊದಲು ಉಕ್ಕುತ್ತದೆ, ಯಾವ ತಗ್ಗಿನಲ್ಲಿ ದೀಪಾವಳಿಯವರೆಗೆ ನೀರು ನಿಲ್ಲುತ್ತದೆ ಎಂಬುದನ್ನು ಅವರು ಬೆರಳು ತೋರಿಸಿ ಹೇಳಬಲ್ಲರು.